ಹಳೆಯ ಬೆಳ್ಳಿಯ ಮೇಲಿನ ಅಪರಿಚಿತ ಮುದ್ರೆಗಳು: ಓದುವ ಬಗೆ

ಹಳೆಯ ಬೆಳ್ಳಿಯ ಬಟ್ಟಲು, ಚಮಚ, ಹೂದಾನಿಗಳ ತಳದಲ್ಲಿಯೋ ಹಿಡಿಕೆಯ ಹಿಂಬದಿಯಲ್ಲಿಯೋ ಸಾಸಿವೆಕಾಳಿಗಿಂತ ತುಸು ದೊಡ್ಡದಾಗಿ ಒತ್ತಿರುವ ಸಿಂಹ, ಲಂಗರು, ಕಿರೀಟ, ಅಕ್ಷರ, ಅಂಕಿಗಳ ಸಾಲಿಗೆ ಹಾಲ್‌ಮಾರ್ಕ್ ಎಂದು ಹೆಸರು. ನಮ್ಮ ಹಿರಿಯರು ಇದನ್ನು ಠಸ್ಸೆ ಎಂದೂ ಮುದ್ರೆ ಎಂದೂ ಕರೆಯುತ್ತಿದ್ದರು. ಲೋಹದಲ್ಲಿ ಬೆಳ್ಳಿಯ ಪಾಲೆಷ್ಟು, ಅದನ್ನು ಪರೀಕ್ಷಿಸಿದ ಊರು ಯಾವುದು, ಪರೀಕ್ಷೆ ನಡೆದ ವರ್ಷ ಯಾವುದು, ವಸ್ತುವನ್ನು ಪರೀಕ್ಷೆಗೆ ಒಪ್ಪಿಸಿದವರು ಯಾರು ಎಂಬ ನಾಲ್ಕು ಸಂಗತಿಗಳನ್ನು ಈ ಸಾಲು ಹೇಳಬಲ್ಲದು. ಎಲ್ಲ ಮುದ್ರೆಗಳೂ ಎಲ್ಲವನ್ನೂ ಹೇಳುವುದಿಲ್ಲ. ಕೆಲವು ಮುದ್ರೆಗಳು ಬೇಕೆಂದೇ ಸುಳ್ಳನ್ನೂ ಹೇಳುತ್ತವೆ.

ಕಳೆದ ವರ್ಷ ತಾಳವಾಡಿ ಕಡೆಯ ಓದುಗ ಕುಟುಂಬವೊಂದು ಮಗಳ ಕಾಲೇಜು ಶುಲ್ಕಕ್ಕೆಂದು ಮನೆಯಲ್ಲಿದ್ದ ಒಂದು ದೊಡ್ಡ ಬಡಿಸುವ ಚಮಚವನ್ನು ಮಾರಲು ಹೊರಟಿತ್ತು. ಮನೆಯ ಹಿರಿಯರೊಬ್ಬರು ಉದಕಮಂಡಲದ ಬಂಗಲೆಯೊಂದರಲ್ಲಿ ಅಡುಗೆಯ ಕೆಲಸದಲ್ಲಿದ್ದವರು. ದೊರೆಗಳು ಊರು ಬಿಟ್ಟು ಹೋಗುವಾಗ ಕೊಟ್ಟದ್ದೆಂದು ಮನೆಯವರ ನೆನಪು. ಅಂಗಡಿಯಲ್ಲಿ ಅದನ್ನು ತಿರುಗಿಸಿ ನೋಡಿ, ‘ಇದು ಜರ್ಮನ್ ಸಿಲ್ವರ್, ಇದರಲ್ಲಿ ಬೆಳ್ಳಿಯೇ ಇಲ್ಲ’ ಎಂದು ಹೇಳಿ ಹಿತ್ತಾಳೆಯ ದರ ಕಟ್ಟಿದರಂತೆ. ಮಾರುವ ಮುನ್ನ ಆ ಮಗಳು ಚಮಚದ ಹಿಂಬದಿಯ ಚಿತ್ರ ತೆಗೆದು ನಮಗೆ ಕಳುಹಿಸಿದಳು. ಆ ಚಿತ್ರದಲ್ಲಿ ಐದು ಮುದ್ರೆಗಳಿದ್ದವು. ಅವುಗಳನ್ನು ಒಂದೊಂದಾಗಿ ಓದುವುದರಿಂದಲೇ ಈ ಲೇಖನವನ್ನು ಆರಂಭಿಸುತ್ತೇವೆ. ಬ್ರಿಟಿಷ್ ಮುದ್ರೆಗಳ ವ್ಯಾಕರಣವೆಲ್ಲ ಆ ಒಂದೇ ಚಮಚದಲ್ಲಿ ಅಡಗಿದೆ.

ಐದು ಮುದ್ರೆಗಳ ಚಮಚ

ಮೊದಲನೆಯದು ಎಡಕ್ಕೆ ನಡೆಯುತ್ತಿರುವ, ಮುಂಗಾಲೊಂದನ್ನು ಎತ್ತಿದ ಸಿಂಹ. 1544ರಿಂದ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿರುವ ಈ ಸಿಂಹದ ಅರ್ಥ ಒಂದೇ: ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಬಹುಮಟ್ಟಿಗೆ ತಾಮ್ರ. ಇದಕ್ಕೆ ಸ್ಟರ್ಲಿಂಗ್ ಎಂದು ಹೆಸರು. ಸಿಂಹ ಕಂಡಲ್ಲಿಗೆ ‘ಬೆಳ್ಳಿ ಇದೆಯೇ ಇಲ್ಲವೇ’ ಎಂಬ ಪ್ರಶ್ನೆ ಬಹುತೇಕ ಮುಗಿದಂತೆ.

ಎರಡನೆಯದು ಲಂಗರು. ಇದು ಬರ್ಮಿಂಗ್‌ಹ್ಯಾಮ್ ಊರಿನ ಗುರುತು. ಸಮುದ್ರವೇ ಇಲ್ಲದ ಒಳನಾಡಿನ ಊರಿಗೆ ಲಂಗರು ಏಕೆ ಬಂತೆಂಬುದಕ್ಕೆ ಒಂದು ಸ್ವಾರಸ್ಯದ ಕಥೆಯಿದೆ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಊರಿನವರು ತಮ್ಮ ತಮ್ಮಲ್ಲಿ ಲೋಹಪರೀಕ್ಷಾ ಕಚೇರಿ ಬೇಕೆಂದು ಲಂಡನ್ನಿನ ಪಾರ್ಲಿಮೆಂಟಿಗೆ ಮೊರೆಯಿಟ್ಟಾಗ ‘ಕ್ರೌನ್ ಅಂಡ್ ಆ್ಯಂಕರ್’ ಎಂಬ ಹೋಟೆಲಿನಲ್ಲಿ ಸೇರುತ್ತಿದ್ದರೆಂದೂ, ಅದರ ಹೆಸರನ್ನೇ ಹಂಚಿಕೊಂಡು ಒಬ್ಬರು ಕಿರೀಟವನ್ನು, ಇನ್ನೊಬ್ಬರು ಲಂಗರನ್ನು ಪಡೆದರೆಂದೂ ಹೇಳಿಕೆ. ಶೆಫೀಲ್ಡ್ 1975ರಲ್ಲಿ ಕಿರೀಟವನ್ನು ಬಿಟ್ಟು ಗುಲಾಬಿಯನ್ನು ತೆಗೆದುಕೊಂಡಿತು. ಲಂಡನ್ನಿನ ಗುರುತು ಚಿರತೆಯ ತಲೆ; ಅದು 1300ರ ಶಾಸನದಷ್ಟು ಹಳೆಯದು. 1821ರವರೆಗೆ ಆ ತಲೆಯ ಮೇಲೆ ಕಿರೀಟವಿತ್ತು, ಬಳಿಕ ಬರಿದಲೆ. ಎಡಿನ್‌ಬರೋಗೆ ಕೋಟೆ, ಡಬ್ಲಿನ್ನಿಗೆ ಕಿರೀಟ ಹೊತ್ತ ಹಾರ್ಪ್ ಎಂಬ ತಂತಿವಾದ್ಯ, ಚೆಸ್ಟರಿಗೆ ಕತ್ತಿಯೊಡನೆ ಮೂರು ಗೋಧಿಯ ಸಿವುಡು, ಗ್ಲಾಸ್ಗೋಗೆ ಮರ, ಮೀನು, ಗಂಟೆ. ಚೆಸ್ಟರಿನ ಕಚೇರಿ 1962ರಲ್ಲಿಯೂ ಗ್ಲಾಸ್ಗೋದ್ದು 1964ರಲ್ಲಿಯೂ ಮುಚ್ಚಿದವು.

ಮೂರನೆಯದು ರಾಣಿಯ ತಲೆ. ಇದನ್ನು ಅಲಂಕಾರವೆಂದು ಬಗೆಯುವವರೇ ಹೆಚ್ಚು. ವಾಸ್ತವದಲ್ಲಿ ಇದು ತೆರಿಗೆ ಕಟ್ಟಿದ ರಸೀದಿ. 1784ರಿಂದ 1890ರವರೆಗೆ ಬ್ರಿಟನ್ನಿನಲ್ಲಿ ಬೆಳ್ಳಿಯ ಸಾಮಾನಿನ ಮೇಲೆ ಸುಂಕವಿತ್ತು; ಸುಂಕ ಸಂದಿತೆಂಬುದಕ್ಕೆ ಆಳುವ ದೊರೆಯ ತಲೆಯನ್ನು ಒತ್ತುತ್ತಿದ್ದರು. ವಿಕ್ಟೋರಿಯಾಳ ತಲೆ ಕಂಡರೆ ವಸ್ತು ಆಕೆ ಪಟ್ಟಕ್ಕೆ ಬಂದ ಬಳಿಕದ್ದು ಮತ್ತು 1890ಕ್ಕೆ ಮೊದಲಿನದು. ಒಂದು ಎಚ್ಚರಿಕೆಯ ಮಾತು: 1935ರ ರಜತೋತ್ಸವದ ಹೊತ್ತಿನಲ್ಲಿ ರಾಜ ರಾಣಿಯರ ಜೋಡಿ ತಲೆಯನ್ನೂ, 1953ರ ಪಟ್ಟಾಭಿಷೇಕದ ಹೊತ್ತಿನಲ್ಲಿ ರಾಣಿಯ ತಲೆಯನ್ನೂ ನೆನಪಿಗಾಗಿ ಒತ್ತಿದ್ದುಂಟು. ಅವು ಸುಂಕದ ಗುರುತುಗಳಲ್ಲ.

ನಾಲ್ಕನೆಯದು ಒಂದು ಅಕ್ಷರ, ಹಳೆಯ ಗಾಥಿಕ್ ಬರಹದ ಸಣ್ಣ ‘ಎಂ’. ಇದು ವರ್ಷದ ಅಕ್ಷರ. 1478ರಲ್ಲಿ ಲಂಡನ್ನಿನಲ್ಲಿ ಮೊದಲಾದ ಪದ್ಧತಿ. ಅಕ್ಕಸಾಲಿಗರು ತಮ್ಮ ಸಾಮಾನನ್ನು ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಸಂಘದ ಭವನಕ್ಕೆ ತಂದು ಒತ್ತಿಸಿಕೊಳ್ಳಬೇಕಾಗಿ ಬಂದದ್ದೂ ಆಗಲೇ. ಹಾಲ್‌ಮಾರ್ಕ್ ಎಂಬ ಪದದಲ್ಲಿರುವ ‘ಹಾಲ್’ ಅದೇ ಭವನ. ಬರ್ಮಿಂಗ್‌ಹ್ಯಾಮಿನಲ್ಲಿ 1875ರಲ್ಲಿ ಗಾಥಿಕ್ ಸಣ್ಣ ‘ಎ’ಯಿಂದ ಹೊಸ ಸುತ್ತು ಶುರುವಾಯಿತು, ‘ಜೆ’ ಅಕ್ಷರವನ್ನು ಬಿಟ್ಟು ಎಣಿಸಿದರೆ ‘ಎಂ’ 1886ಕ್ಕೆ ಬರುತ್ತದೆ. ಅಲ್ಲಿ ಅಕ್ಷರ ಬದಲಾಗುತ್ತಿದ್ದುದು ಜುಲೈ ತಿಂಗಳಲ್ಲಾದ್ದರಿಂದ 1886ರ ಜುಲೈಯಿಂದ 1887ರ ನಡುವಿನವರೆಗೆ ಎಂದು ಓದಬೇಕು. ರಾಣಿಯ ತಲೆಯ ಸಾಕ್ಷ್ಯಕ್ಕೂ ಈ ವರ್ಷಕ್ಕೂ ತಾಳೆಯಾಗುತ್ತದೆ. ಹೀಗೆ ಒಂದು ಮುದ್ರೆ ಇನ್ನೊಂದಕ್ಕೆ ಸಾಕ್ಷಿ ನುಡಿಯಬೇಕು. ನುಡಿಯದಿದ್ದರೆ ನಮ್ಮ ಓದಿನಲ್ಲಿ ತಪ್ಪಿದೆ, ಇಲ್ಲವೇ ವಸ್ತುವಿನಲ್ಲಿ ಮೋಸವಿದೆ.

ಅಕ್ಷರದ ವಿಷಯದಲ್ಲಿ ಅವಸರ ಸಲ್ಲದು. ಲಂಡನ್ನಿನವರು ಇಪ್ಪತ್ತೇ ಅಕ್ಷರಗಳನ್ನು ಬಳಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು, ಬರ್ಮಿಂಗ್‌ಹ್ಯಾಮಿನವರು ಇಪ್ಪತ್ತೈದೋ ಇಪ್ಪತ್ತಾರೋ. ಆದ್ದರಿಂದ ಅದೇ ‘ಎಂ’ ಎರಡೂವರೆ ದಶಕಕ್ಕೊಮ್ಮೆ ಮರಳಿ ಬರುತ್ತದೆ. ಊರಿಂದ ಊರಿಗೆ ವರ್ಷವೂ ಬೇರೆ. ಮೊದಲು ಊರಿನ ಗುರುತು, ಆಮೇಲೆ ಅಕ್ಷರದ ಬರಹದ ಬಗೆ, ಅದರ ಸುತ್ತಲಿನ ಚೌಕಟ್ಟಿನ ಆಕಾರ, ಕೊನೆಗೆ ಆ ಊರಿನ ವರ್ಷಪಟ್ಟಿ: ಈ ಕ್ರಮವನ್ನು ಬಿಟ್ಟವರು ನೂರು ವರ್ಷ ಅತ್ತಿತ್ತ ಆಗುವುದನ್ನು ನಾವು ಕಂಡಿದ್ದೇವೆ.

ಐದನೆಯದು ಎರಡು ಹೆಸರಕ್ಷರಗಳು. ಇದನ್ನು ಮಾಡಿದವರ ಮುದ್ರೆ ಎನ್ನುವುದು ರೂಢಿಯಾದರೂ, ಪರೀಕ್ಷೆಗೆ ಒಪ್ಪಿಸಿ ಹೊಣೆ ಹೊತ್ತವರ ಮುದ್ರೆ ಎಂಬುದು ಸರಿಯಾದ ಮಾತು. ಅವರು ಬಡಿದು ಮಾಡಿದವರೇ ಆಗಿರಬೇಕಿಲ್ಲ. ಮಾರುವ ಅಂಗಡಿಯವರೂ ಆಗಿರಬಹುದು.

ಆ ಚಮಚ 92.5 ಭಾಗ ಬೆಳ್ಳಿ ಎಂದು ನಾವು ಬರೆದು ತಿಳಿಸಿದೆವು. ಕೆಳಗೆ ಹೇಳುವ ನೀರಿನ ಪರೀಕ್ಷೆಯೂ ಅದನ್ನೇ ಹೇಳಿತು. ಮನೆಯವರು ಅದನ್ನು ಮಾರಿದರು. ಬೆಳ್ಳಿಯ ದರಕ್ಕೆ, ಬೇರೆ ಊರಿನಲ್ಲಿ.

ಸಿಂಹದ ವೇಷ ಹಾಕಿದವರು

ಅದೇ ತಿಂಗಳು ಇನ್ನೊಂದು ಮನೆಯಿಂದ ಚಹಾ ಕುಡಿಕೆಯ ಚಿತ್ರ ಬಂತು. ಹಬ್ಬಕ್ಕೊಮ್ಮೆ ಹೊರಬರುತ್ತಿದ್ದ, ಮೂರು ತಲೆಮಾರು ಬೆಳ್ಳಿಯೆಂದೇ ಕಾಪಾಡಿದ ವಸ್ತು. ತಳದಲ್ಲಿ ನಾಲ್ಕು ಪುಟ್ಟ ಗುರಾಣಿಗಳು, ಒಂದೊಂದರಲ್ಲಿ ಒಂದೊಂದು ಗಾಥಿಕ್ ಅಕ್ಷರ: ಇ, ಪಿ, ಎನ್, ಎಸ್. ದೂರದಿಂದ ನೋಡಿದರೆ ಹಾಲ್‌ಮಾರ್ಕಿನ ಸಾಲೇ. ‘ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್’ ಎಂಬುದರ ಮೊದಲಕ್ಷರಗಳವು. ನಿಕಲ್ ಸಿಲ್ವರ್, ಜರ್ಮನ್ ಸಿಲ್ವರ್ ಎರಡೂ ಒಂದೇ ಲೋಹದ ಹೆಸರು. ತಾಮ್ರ, ನಿಕಲ್, ಸತುವುಗಳ ಮಿಶ್ರಣ. ಹೆಸರಿನಲ್ಲಿರುವ ಬೆಳ್ಳಿ ಲೋಹದಲ್ಲಿಲ್ಲ. ಅದರ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳುಲೇಪ ಕೊಡುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು 1840ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದ ಮುಂದೆ ಜಗತ್ತಿನ ಹೋಟೆಲು, ಹಡಗು, ಕ್ಲಬ್ಬುಗಳಿಗೆಲ್ಲ ಹೋದದ್ದು ಇದೇ ಸಾಮಾನು. ‘ಇಪಿ’, ‘ಎ1’, ‘ಇಪಿಬಿಎಂ’ ಎಂಬ ಗುರುತುಗಳೂ ಲೇಪದವೇ. ಕೊನೆಯದರಲ್ಲಿ ಬರುವ ಬ್ರಿಟಾನಿಯಾ ಮೆಟಲ್ ತವರದ ಮಿಶ್ರಣ. ಇದನ್ನು ಬ್ರಿಟಾನಿಯಾ ಬೆಳ್ಳಿಯೊಡನೆ ಕಲಸಬಾರದು; 1697ರಿಂದ 1720ರವರೆಗೆ ಇಂಗ್ಲೆಂಡಿನಲ್ಲಿ ಕಡ್ಡಾಯವಾಗಿದ್ದ, ಸಾವಿರಕ್ಕೆ 958 ಪಾಲಿನ ಆ ಬೆಳ್ಳಿಯ ಗುರುತು ಕುಳಿತ ಹೆಂಗಸಿನ ಚಿತ್ರ.

ಮನೆಯವರಿಗೆ ಬೇಸರವಾಯಿತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅಡಮಾನಕ್ಕೆ ಒಯ್ದು ಎಲ್ಲರೆದುರು ತಿಳಿಯುವುದಕ್ಕಿಂತ ಮನೆಯಲ್ಲಿ ತಿಳಿದದ್ದು ಮೇಲು ಎಂದು ಅವರೇ ಬರೆದರು.

ಇನ್ನೊಂದು ಬಗೆಯ ಗೊಂದಲ ಅಮೆರಿಕದ್ದು. ಪ್ರಾವಿಡೆನ್ಸ್ ಊರಿನ ಗೋರಮ್ ಕಂಪನಿಯ ಗುರುತು ಸಿಂಹ, ಲಂಗರು ಮತ್ತು ಗಾಥಿಕ್ ‘ಜಿ’. ಬರ್ಮಿಂಗ್‌ಹ್ಯಾಮ್ ಎಂದು ಯಾರಾದರೂ ಮೋಸಹೋಗಬಹುದು. ಆದರೆ ಗೋರಮ್ ಸಿಂಹ ಬಲಕ್ಕೆ ನಡೆಯುತ್ತದೆ, ಪಕ್ಕದಲ್ಲಿ ಸಾಮಾನ್ಯವಾಗಿ ‘ಸ್ಟರ್ಲಿಂಗ್’ ಎಂಬ ಪದವೂ ಇರುತ್ತದೆ. ಇಲ್ಲಿ ನಷ್ಟವೇನೂ ಇಲ್ಲ, ಅದೂ 925ರ ಬೆಳ್ಳಿಯೇ. ವರ್ಷ ಮತ್ತು ಊರು ಮಾತ್ರ ತಪ್ಪುತ್ತವೆ.

ಬರೀ ಅಂಕಿ ಇದ್ದರೆ ಕೆಲಸ ಸುಲಭ. 800, 835, 900, 925, 950 ಎಂಬವು ಸಾವಿರಕ್ಕೆ ಇಷ್ಟು ಪಾಲು ಬೆಳ್ಳಿ ಎಂದು ನೇರವಾಗಿ ಹೇಳುತ್ತವೆ. 800ರ ಜೊತೆ ಅರ್ಧಚಂದ್ರ ಮತ್ತು ಕಿರೀಟವಿದ್ದರೆ 1888ರಿಂದೀಚಿನ ಜರ್ಮನಿ. ಶಿರಸ್ತ್ರಾಣ ತೊಟ್ಟ ಮಿನರ್ವಾ ದೇವಿಯ ತಲೆಯಿದ್ದರೆ 1838ರಿಂದೀಚಿನ ಫ್ರಾನ್ಸ್. 84 ಎಂಬ ಅಂಕಿ ಮಾತ್ರ ಬೇರೆ ಲೆಕ್ಕದ್ದು: ಹಳೆಯ ರಷ್ಯದಲ್ಲಿ ಅಪ್ಪಟ ಬೆಳ್ಳಿಗೆ 96 ಜೊಲೊತ್ನಿಕ್ ಎಂದು ಎಣಿಕೆ. 84ನ್ನು 96ರಿಂದ ಭಾಗಿಸಿದರೆ ಸಾವಿರಕ್ಕೆ 875. ಏಳನೆಯ ತರಗತಿಯ ಮಕ್ಕಳಿಗೆ ಇದೊಂದು ಒಳ್ಳೆಯ ಭಿನ್ನರಾಶಿಯ ಲೆಕ್ಕ.

ಗೋವೆಯ ಓದುಗರಿಗೆ ಪ್ರತ್ಯೇಕವಾಗಿ ಒಂದು ಮಾತು. ಹಳೆಯ ಮನೆಗಳ ಸಾಮಾನಿನ ಮೇಲೆ ಕಾಡುಹಂದಿಯ ತಲೆ ಕಂಡರೆ ಅದು 1887ರಿಂದ 1937ರವರೆಗಿನ ಪೋರ್ಚುಗಲ್ಲಿನ ಸರ್ಕಾರಿ ಮುದ್ರೆ. 1938ರಿಂದ ಅದರ ಜಾಗಕ್ಕೆ ಹದ್ದು ಬಂತು, ಕೆಳಗೆ 833 ಅಥವಾ 916 ಎಂಬ ಅಂಕಿಯೊಡನೆ. ಈ ಮುದ್ರೆಗಳನ್ನು ಒತ್ತುತ್ತಿದ್ದುದು ಲಿಸ್ಬನ್, ಪೋರ್ಟೊದಂಥ ಅಲ್ಲಿನ ಊರುಗಳಲ್ಲಿ; ಆದ್ದರಿಂದ ಆ ವಸ್ತು ಹಡಗಿನಲ್ಲಿ ಬಂದದ್ದು, ಗೋವೆಯ ಅಕ್ಕಸಾಲಿಗರ ಕೈಯದಲ್ಲ.

ನಮ್ಮ ನೆಲದ ಬೆಳ್ಳಿ

ಬ್ರಿಟಿಷರು ತಮ್ಮ ನಾಡಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ನಡೆಸಿದ ಪರೀಕ್ಷಾ ಕಚೇರಿಗಳನ್ನು ಭಾರತದಲ್ಲಿ ತೆರೆಯಲಿಲ್ಲ. ಇಲ್ಲಿದ್ದ ಯುರೋಪಿಯನ್ ಅಂಗಡಿಗಳು ತಮ್ಮದೇ ಠಸ್ಸೆಗಳನ್ನು ಮಾಡಿಸಿಕೊಂಡವು. ಕಲಕತ್ತೆಯ ಹ್ಯಾಮಿಲ್ಟನ್ ಕಂಪನಿ ತನ್ನ ಹೆಸರಕ್ಷರಗಳ ಜೊತೆ ಆನೆಯನ್ನು ಒತ್ತುತ್ತಿತ್ತು. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ತನ್ನ ಹೆಸರನ್ನೇ ಒತ್ತುತ್ತಿತ್ತು. ದೇವತೆಗಳ ಉಬ್ಬುಚಿತ್ರಗಳಿರುವ ‘ಸ್ವಾಮಿ’ ಮಾದರಿಯ ಬೆಳ್ಳಿಗೆ ಈ ಅಂಗಡಿ ಹೆಸರಾದದ್ದು. ಕಚ್ಛದ ಭುಜ್ ಊರಿನ ಉಮರ್ಸಿ ಮಾವ್ಜಿ ಎಂಬ ಮಹಾ ಕುಶಲಿಯ ವಸ್ತುಗಳ ಮೇಲೆ ‘ಓ.ಎಂ.’ ಮತ್ತು ‘ಭುಜ್’ ಎಂದಿರುತ್ತದೆ. ಇವು ಸರ್ಕಾರಿ ಖಾತರಿಯಲ್ಲ, ಅಂಗಡಿಯ ಮಾತು. ಆದರೂ ಸಂಗ್ರಾಹಕರು ಇವುಗಳಿಗೆ ಲೋಹದ ದರಕ್ಕಿಂತ ಹೆಚ್ಚು ಕೊಡುತ್ತಾರೆ. ಕರಗಿಸಲು ಕೊಡುವ ಮುನ್ನ ಎರಡು ಬಾರಿ ಯೋಚಿಸಬೇಕಾದ ವಸ್ತುಗಳಿವು. ಕಾಸರಗೋಡು 1956ರವರೆಗೆ, ಆದವಾನಿ ಮತ್ತು ರಾಯದುರ್ಗ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಆ ಕಡೆಯ ಮನೆಗಳಲ್ಲಿ ಮದ್ರಾಸಿನ ಮುದ್ರೆ ಸಿಕ್ಕಿದರೆ ಆಶ್ಚರ್ಯಪಡಬೇಕಿಲ್ಲ.

ಊರಿನ ಅಕ್ಕಸಾಲಿಗರು ಮಾಡಿದ ತಂಬಿಗೆ, ಪಂಚಪಾತ್ರೆ, ಉಡಿದಾರ, ಕಾಲ್ಗಡಗಗಳಲ್ಲಿ ಬಹುಮಟ್ಟಿಗೆ ಯಾವ ಮುದ್ರೆಯೂ ಇರುವುದಿಲ್ಲ. ಮುದ್ರೆಯಿಲ್ಲವೆಂದರೆ ಬೆಳ್ಳಿಯಲ್ಲವೆಂದು ಅರ್ಥವಲ್ಲ. ಈ ಸಾಮಾನಿಗೆ ಅನೇಕ ವೇಳೆ ಬೆಳ್ಳಿ ಬಂದದ್ದು ರೂಪಾಯಿ ನಾಣ್ಯದಿಂದ. 1835ರಿಂದ 1939ರವರೆಗಿನ ರೂಪಾಯಿಯ ತೂಕ ಒಂದು ತೊಲ, ಎಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು, ಸುಮಾರು 91.7 ಭಾಗ, ಬೆಳ್ಳಿ. ಅಂಥ ನಾಣ್ಯಗಳನ್ನು ಕರಗಿಸಿ ಮಾಡಿದ ಪಾತ್ರೆ ಇಂದಿನ ಯಂತ್ರದಲ್ಲಿ 90ರ ಆಸುಪಾಸು ತೋರಿಸಿದರೆ ಹಳೆಯ ಅಕ್ಕಸಾಲಿಗ ಕಲಬೆರಕೆ ಮಾಡಿದನೆಂದು ತೀರ್ಮಾನಿಸುವುದು ಅನ್ಯಾಯ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು, 1947ರಲ್ಲಿ ಅದು ನಿಕಲ್ಲಿನ ನಾಣ್ಯವಾಯಿತು.

ನಮ್ಮ ಪಾತ್ರೆಗಳ ಮೇಲೆ ಬೇರೊಂದು ಬಗೆಯ ಬರಹವಿರುತ್ತದೆ: ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಕೊರೆದ ಹೆಸರು, ಊರು, ಕೆಲವೊಮ್ಮೆ ಸಂವತ್ಸರ, ಕೆಲವೊಮ್ಮೆ ತೊಲದ ಲೆಕ್ಕದಲ್ಲಿ ತೂಕ. ಲಂಡನ್ನಿನ ತಜ್ಞರ ಯಾವ ಕೈಪಿಡಿಯಲ್ಲಿಯೂ ಇದನ್ನು ಓದುವ ಕೀಲಿಯಿಲ್ಲ. ಕನ್ನಡ ಶಾಲೆಯ ಮಗು ಇದನ್ನು ಓದಬಲ್ಲದು. ಕನ್ನಡ ಅಂಕಿಗಳ ಪರಿಚಯ ತಪ್ಪಿಹೋಗಿರುವ ಮನೆಗಳಲ್ಲಿ ಇದು ಯಾವುದೋ ಬಳ್ಳಿಯ ಚಿತ್ತಾರವೆಂದು ಉಳಿದುಬಿಟ್ಟಿರುತ್ತದೆ. ಆದವಾನಿ, ಮಡಕಶಿರಾ ಕಡೆ ಅಕ್ಷರ ಕನ್ನಡವೋ ತೆಲುಗೋ ಎಂದು ತಲೆಕಟ್ಟನ್ನು ನೋಡಿ ಹೇಳಬೇಕಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕಡೆ ಮೋಡಿ ಲಿಪಿಯೂ ಇರಬಹುದು. ಹೆಸರಿನ ಮುಂದೆ ಮದುವೆಯ ಉಡುಗೊರೆ ಎಂದೋ ತವರೂರಿನ ಹೆಸರೋ ಇದ್ದರೆ ಅದು ಆ ಮನೆಯ ಚರಿತ್ರೆಗೆ ಸಿಗುವ ಗಟ್ಟಿಯಾದ ದಾಖಲೆ. ಹೆಸರಿರುವ ಪಾತ್ರೆಗೆ ಅಂಗಡಿಯಲ್ಲಿ ಬೆಲೆ ಕಡಿಮೆ ಎಂಬ ಮಾತು ಕೇಳಿಬರುತ್ತದೆ. ಕರಗಿಸುವವರಿಗೆ ಹೆಸರಿದ್ದರೇನು ಇಲ್ಲದಿದ್ದರೇನು, ತೂಕ ಅದೇ ಅಲ್ಲವೇ?

ನೋಡುವ ಮತ್ತು ಅಳೆಯುವ ಕೆಲಸ

ಮುದ್ರೆಯನ್ನು ಓದುವ ಮೊದಲು ತಿಕ್ಕಬಾರದು. ಹುಣಸೆಹಣ್ಣು, ಬೂದಿ, ಹಲ್ಲಿನ ಪೇಸ್ಟುಗಳಿಂದ ವರ್ಷಗಟ್ಟಲೆ ಉಜ್ಜಿದ ಪಾತ್ರೆಯಲ್ಲಿ ಮೊದಲು ಸವೆಯುವುದು ಮುದ್ರೆಯೇ. ಗೆರೆಗಳಲ್ಲಿ ನಿಂತ ಕಪ್ಪು ಓದುವುದಕ್ಕೆ ನೆರವಾಗುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಭೂತಗನ್ನಡಿಯ ಮೂಲಕ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು; ಬೆಳಕಿನ ದಿಕ್ಕು ಬದಲಿಸಿ ನಾಲ್ಕಾರು ಚಿತ್ರಗಳಿದ್ದರೆ ಒಳ್ಳೆಯದು. ಮುದ್ರೆಯ ಮೇಲೆ ಬಾಯಿಯಿಂದ ಬಿಸಿಯುಸಿರು ಊದಿದಾಗ ಸುತ್ತಲೂ ಬೆಸುಗೆಯ ಗೆರೆ ಕಂಡರೆ, ಬೇರೆ ವಸ್ತುವಿನಿಂದ ಕತ್ತರಿಸಿ ತಂದ ಮುದ್ರೆಯನ್ನು ಅಂಟಿಸಿದ್ದಾರೆಂಬ ಸಂಶಯಕ್ಕೆ ಎಡೆಯಿದೆ. ಲೇಪದ ಸಾಮಾನಾದರೆ ಅಂಚು, ಹಿಡಿಕೆಯ ತುದಿ, ತಳದ ಕಾಲುಗಳಲ್ಲಿ ಸವೆದು ಕೆಂಪೋ ಹಳದಿಯೋ ಬಣ್ಣ ಇಣುಕುತ್ತದೆ.

ಅಯಸ್ಕಾಂತದ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಅಂಟಿದರೆ ಬೆಳ್ಳಿಯಲ್ಲ, ನಿಜ. ಆದರೆ ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್‌ಗಳೂ ಸಾಮಾನ್ಯವಾಗಿ ಅಂಟುವುದಿಲ್ಲವಾದ್ದರಿಂದ ಅಂಟದಿರುವುದು ಏನನ್ನೂ ಸಾಧಿಸುವುದಿಲ್ಲ. ನೀರಿನ ಪರೀಕ್ಷೆ ಇದಕ್ಕಿಂತ ಬಹಳ ಮೇಲು. 0.1 ಗ್ರಾಂ ತೋರಿಸುವ ತಕ್ಕಡಿ, ಒಂದು ಲೋಟ ನೀರು, ದಾರ ಇಷ್ಟೇ ಬೇಕಾದದ್ದು. ಮೊದಲು ವಸ್ತುವನ್ನು ತೂಗಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ವಸ್ತುವನ್ನು ದಾರದಿಂದ ಹಿಡಿದು, ತಳಕ್ಕೂ ಬದಿಗೂ ತಾಕದಂತೆ, ಗಾಳಿಯ ಗುಳ್ಳೆ ಉಳಿಯದಂತೆ ಪೂರ್ತಿ ಮುಳುಗಿಸಬೇಕು. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ವಸ್ತುವಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. ನಮ್ಮ ತಾಳವಾಡಿಯ ಚಮಚದ ತೂಕ 68 ಗ್ರಾಂ, ಮುಳುಗಿಸಿದಾಗ ಕಂಡದ್ದು 6.6, ಸಾಂದ್ರತೆ 10.3. ಅಪ್ಪಟ ಬೆಳ್ಳಿಯದು 10.5, ಸ್ಟರ್ಲಿಂಗಿನದು 10.3ರಿಂದ 10.4, ಜರ್ಮನ್ ಸಿಲ್ವರಿನದು 8.7ರ ಆಸುಪಾಸು. ಜರ್ಮನ್ ಸಿಲ್ವರ್ ಆಗಿದ್ದರೆ ತಕ್ಕಡಿ 7.8ನ್ನು ತೋರಿಸಬೇಕಿತ್ತು. ಒಂಬತ್ತನೆಯ ತರಗತಿಯ ಪಾಠದ ಆರ್ಕಿಮಿಡೀಸ್ ಇಲ್ಲಿ ಮನೆಯ ಹಣ ಉಳಿಸಿದನೆನ್ನಬಹುದು. ಟೊಳ್ಳು ಹಿಡಿಕೆಯೊಳಗೆ ಅರಗು ತುಂಬಿದ ಚಾಕು, ಮರ ಅಥವಾ ದಂತದ ಹಿಡಿಯಿರುವ ಪಾತ್ರೆ, ಹತ್ತು ಗ್ರಾಂಗೂ ಕಡಿಮೆಯ ಆಭರಣ ಇವುಗಳಿಗೆ ಈ ವಿಧಾನ ಹೊಂದುವುದಿಲ್ಲ.

ಅಂಗಡಿಗಳಲ್ಲಿ ಕ್ಷಣಮಾತ್ರದಲ್ಲಿ ಶುದ್ಧತೆ ತೋರಿಸುವ ಎಕ್ಸ್‌ರೇ ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ. ದಪ್ಪ ಲೇಪವಿದ್ದರೆ ಅದು ಲೇಪವನ್ನೇ ಬೆಳ್ಳಿಯೆಂದು ಓದಬಲ್ಲದು. ಸವೆದ ಜಾಗದಲ್ಲಿಯೂ ಒಮ್ಮೆ ಹಿಡಿದು ತೋರಿಸುವಂತೆ ಕೇಳುವ ಹಕ್ಕು ಮಾರುವವರಿಗಿದೆ. ಒರೆಗಲ್ಲಿನ ಮೇಲೆ ಉಜ್ಜಿ ಆಮ್ಲ ಹಾಕುವ ಪರೀಕ್ಷೆಯನ್ನು ಅನುಭವಿ ಅಕ್ಕಸಾಲಿಗರಿಗೇ ಬಿಡಬೇಕು, ಮನೆಯಲ್ಲಿ ನೈಟ್ರಿಕ್ ಆಮ್ಲವನ್ನು ಮುಟ್ಟುವುದು ಬೇಡ.

ಭಾರತೀಯ ಮಾನಕ ಸಂಸ್ಥೆ ಬೆಳ್ಳಿಗೆ ಹಾಲ್‌ಮಾರ್ಕ್ ಕೊಡತೊಡಗಿದ್ದು 2005ರಲ್ಲಿ. ಆದ್ದರಿಂದ ಅಜ್ಜಿಯ ಕಾಲದ ವಸ್ತುವಿನ ಮೇಲೆ ಅದರ ತ್ರಿಕೋನದ ಗುರುತು ಇಲ್ಲವೆಂಬುದು ದರ ಇಳಿಸಲು ಕಾರಣವಾಗಲಾರದು. ಹೊರದೇಶದಲ್ಲಿರುವ ಮಕ್ಕಳಿಗೆ ಹಳೆಯ ಬೆಳ್ಳಿ ಕಳುಹಿಸುವವರು ಮಾತ್ರ ಗಮನಿಸಬೇಕು: ನೂರು ವರ್ಷ ಮೀರಿದ, ಚಾರಿತ್ರಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ನಿಷೇಧಿಸಿದೆ. ವಸ್ತುವಿನ ವಯಸ್ಸಿನ ಬಗ್ಗೆ ಸಂದೇಹವಿದ್ದರೆ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯನ್ನು ವಿಚಾರಿಸಿ ಮುಂದುವರಿಯಬೇಕು.

ನಮಗೆ ಚಿತ್ರ ಕಳುಹಿಸುವವರು ಪ್ರತಿಯೊಂದು ಮುದ್ರೆಯ ಹತ್ತಿರದ ಚಿತ್ರ, ಇಡೀ ವಸ್ತುವಿನ ಚಿತ್ರ, ತೂಕ, ನೀರಿನಲ್ಲಿ ಕಂಡ ಅಂಕಿ ಇಷ್ಟನ್ನು ಬರೆದು ಕಳುಹಿಸಲಿ. ಮುಚ್ಚಳ ಬೇರೆಯಾಗಿ ಬರುವ ಪಾತ್ರೆಯಾದರೆ ಮುಚ್ಚಳದ ಒಳಬದಿಯನ್ನೂ ನೋಡಲಿ. ಬ್ರಿಟಿಷ್ ಬೆಳ್ಳಿಯಲ್ಲಿ ಬಿಡಿಭಾಗಗಳಿಗೂ ಸಿಂಹವನ್ನು ಒತ್ತುವ ಪದ್ಧತಿಯಿತ್ತು, ಪಾತ್ರೆಗೊಂದು ವರ್ಷ ಮುಚ್ಚಳಕ್ಕೊಂದು ವರ್ಷ ಕಂಡ ಉದಾಹರಣೆಗಳೂ ನಮ್ಮ ಕಡತದಲ್ಲಿವೆ.